ಸದ್ದಿಗಿಂತ ಹಿಂದೆ ಉಳಿಯುವ ಗುಂಡು

ಸೆಕೆಂಡಿಗೆ 308 ಮೀಟರ್. ಗಂಟೆಗೆ ಲೆಕ್ಕ ಹಾಕಿದರೆ 1,100 ಕಿಲೋಮೀಟರಿಗೂ ಹೆಚ್ಚು. ಬೆಂಗಳೂರಿನಿಂದ ದೆಹಲಿಗೆ ಹೋಗುವ ಜೆಟ್ ವಿಮಾನ ಕೂಡ ಇಷ್ಟು ಜೋರಾಗಿ ಹಾರುವುದಿಲ್ಲ. ನಮ್ಮ ಮೈಯಲ್ಲಿ ಅತಿ ಚುರುಕಾದ ನರಗಳು ಸುದ್ದಿ ಒಯ್ಯುವುದು ಸೆಕೆಂಡಿಗೆ ಸುಮಾರು 120 ಮೀಟರ್ ವೇಗದಲ್ಲಿ. ಅದರ ಎರಡೂವರೆ ಪಟ್ಟು ವೇಗದಲ್ಲಿ ಧಾವಿಸುವ ಈ ಗುಂಡನ್ನು ಅಮೆರಿಕದ ಬೇಟೆಗಾರರು ನಿಧಾನದ ಗುಂಡು ಎಂದು ಕರೆಯುತ್ತಾರೆ. ಅವರು ಹಾಗೆ ಕರೆಯುವುದು ಸರಿಯಾಗಿಯೇ ಇದೆ. ಅದೇ ಅಳತೆಯ ನಳಿಕೆಯಿಂದ ಹೊರಡುವ ಮಾಮೂಲಿ ಬೇಟೆಯ ಗುಂಡು ಸೆಕೆಂಡಿಗೆ 823 ಮೀಟರ್ ಓಡುತ್ತದೆ.

ಆ ಮಾಮೂಲಿ ಗುಂಡನ್ನು ಮೊದಲು ನೋಡೋಣ. 1906ರಲ್ಲಿ ಅಮೆರಿಕದ ಸೇನೆಗೆಂದು ರೂಪುಗೊಂಡ ಥರ್ಟಿ-ಆಟ್-ಸಿಕ್ಸ್ ತೋಟಾ ಇಂದಿಗೂ ಅಲ್ಲಿನ ಜಿಂಕೆ ಬೇಟೆಯಲ್ಲಿ ಮನೆಮಾತು. ಅದರಲ್ಲಿ ಬಹಳ ಬಳಕೆಯ ಗುಂಡು 180 ಗ್ರೇನ್ ತೂಗುತ್ತದೆ. ಗ್ರೇನ್ ಎಂದರೆ ಪೌಂಡಿನ ಏಳು ಸಾವಿರದಲ್ಲಿ ಒಂದು ಪಾಲು, ಸುಮಾರು 65 ಮಿಲಿಗ್ರಾಂ. 1833ರಲ್ಲಿ ಈಸ್ಟ್ ಇಂಡಿಯಾ ಕಂಪನಿ ನಮ್ಮ ತೊಲವನ್ನು ನಿಗದಿ ಮಾಡಿದಾಗ ಹಿಡಿದ ಲೆಕ್ಕವೂ 180 ಗ್ರೇನೇ. ಹಾಗಾಗಿ ಆ ಗುಂಡಿನ ತೂಕ ಕರಾರುವಾಕ್ಕಾಗಿ ಒಂದು ತೊಲ, 11.66 ಗ್ರಾಂ. ಅಜ್ಜಿಯ ಕಾಲದ ಒಂದು ತೊಲದ ಸರ ಅಂಗೈಯಲ್ಲಿ ಎಷ್ಟು ಹಗುರ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅಷ್ಟೇ ತೂಕದ ಲೋಹ ನಳಿಕೆ ಬಿಡುವಾಗ ಹೊತ್ತಿರುವ ಶಕ್ತಿ ಸುಮಾರು 3,950 ಜೂಲ್.

ನಿಧಾನದ ಗುಂಡು ಇದಕ್ಕಿಂತ ಭಾರ. ಅದರ ತೂಕ 220 ಗ್ರೇನ್, ಅಂದರೆ ಒಂದೂಕಾಲು ತೊಲದ ಹತ್ತಿರ. ಆದರೂ ಅದರ ಶಕ್ತಿ 676 ಜೂಲ್, ಸರಿಸುಮಾರು ಆರನೇ ಒಂದು ಪಾಲು. ತೂಕ ದುಪ್ಪಟ್ಟಾದರೆ ಶಕ್ತಿಯೂ ದುಪ್ಪಟ್ಟಾಗುತ್ತದೆ. ವೇಗ ದುಪ್ಪಟ್ಟಾದರೆ ಶಕ್ತಿ ನಾಲ್ಕು ಪಟ್ಟಾಗುತ್ತದೆ. ವೇಗಕ್ಕೆ ಮಿತಿ ಹಾಕಿಕೊಂಡವನು ಈ ನಾಲ್ಕು ಪಟ್ಟಿನ ಲಾಭವನ್ನು ಪೂರ್ತಿ ಕೈಬಿಟ್ಟ ಹಾಗೆ. ಅವನಿಗೆ ಉಳಿಯುವುದು ತೂಕವೊಂದೇ.

ಹಾಗಿದ್ದರೆ ಮಿತಿ ಹಾಕಿಕೊಳ್ಳುವುದೇಕೆ? ಕಾರಣ ಸದ್ದು. 20 ಡಿಗ್ರಿ ಸೆಲ್ಸಿಯಸ್ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ 343 ಮೀಟರ್. ಅದನ್ನು ಮೀರಿದ ಗುಂಡು ತನ್ನ ಮುಂದಿನ ಗಾಳಿಗೆ ಸರಿದು ದಾರಿ ಬಿಡಲು ಸಮಯವನ್ನೇ ಕೊಡುವುದಿಲ್ಲ. ಒತ್ತಿಕೊಂಡ ಗಾಳಿ ಶಂಕುವಿನ ಆಕಾರದಲ್ಲಿ ಗುಂಡಿನ ಮೂತಿಯಿಂದ ಹಿಂದಕ್ಕೆ ಹರಡಿಕೊಂಡು, ಅದು ಹೋದಲ್ಲೆಲ್ಲ ಚಾಟಿ ಬೀಸಿದಂತೆ ಛಟ್ಟೆನ್ನುತ್ತದೆ. ಇದನ್ನು ಮನುಷ್ಯ ಮೊದಲು ಕಣ್ಣಾರೆ ಕಂಡದ್ದು 1886ರಲ್ಲಿ. ಪ್ರಾಗ್‌ನಲ್ಲಿದ್ದ ಭೌತವಿಜ್ಞಾನಿ ಎರ್ನ್ಸ್ಟ್ ಮಾಕ್ ಸೂಚಿಸಿದ ಉಪಾಯವನ್ನು ಹಿಡಿದು, ಏಡ್ರಿಯಾಟಿಕ್ ದಡದ ಫಿಯೂಮ್ ಊರಿನ ನೌಕಾ ಶಾಲೆಯಲ್ಲಿ ಪೀಟರ್ ಸಾಲ್ಷರ್ ಹಾರುವ ಗುಂಡಿನ ಫೋಟೊ ತೆಗೆದ. ವಿದ್ಯುತ್ ಕಿಡಿಯ ಬೆಳಕಿನಲ್ಲಿ, ಪುಟಾಣಿ ನೆಗೆಟಿವ್ ಮೇಲೆ, ಗುಂಡಿನ ಜೊತೆಗೆ ಅದರ ಮುಂದಿನ ಗಾಳಿಯ ಅಲೆಯೂ ಮೂಡಿತು. ಇಂದು ಯುದ್ಧವಿಮಾನಗಳ ವೇಗ ಹೇಳುವಾಗ ಬಳಸುವ ಮಾಕ್ ಸಂಖ್ಯೆ ಆ ಎರ್ನ್ಸ್ಟ್ ಮಾಕ್‌ನ ಹೆಸರಿನದ್ದೇ.

ಕೋವಿಯ ಸದ್ದಿನಲ್ಲಿ ಎರಡು ಭಾಗವಿದೆ. ನಳಿಕೆಯ ಬಾಯಲ್ಲಿ ಬಿಸಿ ಅನಿಲ ನುಗ್ಗುವ ಆಸ್ಫೋಟ ಒಂದು, ಗುಂಡಿನ ‘ಛಟ್’ ಸದ್ದು ಇನ್ನೊಂದು. ಮೊದಲನೆಯದನ್ನು 1909ರಲ್ಲಿ ಪೇಟೆಂಟ್ ಪಡೆದ ಹೈರಮ್ ಪರ್ಸಿ ಮ್ಯಾಕ್ಸಿಮ್‌ನ ಸೈಲೆನ್ಸರ್ ತಗ್ಗಿಸಬಲ್ಲದು. ಎರಡನೆಯದರ ಮುಂದೆ ಯಾವ ಸೈಲೆನ್ಸರಿನ ಆಟವೂ ನಡೆಯುವುದಿಲ್ಲ, ಏಕೆಂದರೆ ಅದು ಹುಟ್ಟುವುದು ನಳಿಕೆಯ ಆಚೆ, ದಾರಿಯುದ್ದಕ್ಕೂ. ಅದನ್ನು ಅಡಗಿಸುವ ದಾರಿ ಒಂದೇ: ಗುಂಡು ಶಬ್ದಕ್ಕಿಂತ ಹಿಂದೆ ಉಳಿಯಬೇಕು. ಬರಿಯ ರೈಫಲ್ಲಿನ ಈಡು 160 ಡೆಸಿಬೆಲ್ ದಾಟುತ್ತದೆ. ನಿಧಾನದ ಗುಂಡಿಗೆ ಸೈಲೆನ್ಸರ್ ಜೋಡಿಸಿದರೆ 125ರ ಆಸುಪಾಸಿಗೆ ಇಳಿಯುತ್ತದೆ. 35 ಡೆಸಿಬೆಲ್ ಇಳಿಕೆ ಎಂದರೆ ಸದ್ದಿನ ತೀವ್ರತೆ ಮೂರು ಸಾವಿರದಲ್ಲಿ ಒಂದು ಪಾಲಾಯಿತು ಎಂದರ್ಥ. ಬೇಟೆಗಾರನ ಕಿವಿ ಉಳಿಯುತ್ತದೆ, ಪಕ್ಕದ ತೋಟದ ಮನೆಯವರ ನಿದ್ದೆಯೂ ಉಳಿಯುತ್ತದೆ. ಅಮೆರಿಕದ ಕೃಷಿ ಇಲಾಖೆಯ ಅಂದಾಜಿನಂತೆ ಅಲ್ಲಿನ ಸುಮಾರು 35 ರಾಜ್ಯಗಳಲ್ಲಿ 60 ಲಕ್ಷಕ್ಕೂ ಹೆಚ್ಚು ಕಾಡುಬಿದ್ದ ಹಂದಿಗಳಿವೆ. ರಾತ್ರಿ ಹೊಲಕ್ಕೆ ನುಗ್ಗುವ ಹಂದಿ ಹಿಂಡಿನ ಮೇಲೆ ಈ ಗುಂಡುಗಳ ಬಳಕೆ ಹೆಚ್ಚಿದ್ದು ಹೀಗೆ. ಜೆ.ಡಿ. ಜೋನ್ಸ್ ಎಂಬಾತ ರೂಪಿಸಿದ್ದ 300 ವಿಸ್ಪರ್ ತೋಟಾದ ಹಾದಿಯಲ್ಲೇ ಬಂದ 300 ಬ್ಲ್ಯಾಕ್‌ಔಟ್‌ಗೆ 2011ರಲ್ಲಿ ಅಮೆರಿಕದ ತಯಾರಕರ ಸಂಘದ ಮನ್ನಣೆ ಸಿಕ್ಕಿತು. ಆಮೇಲೆ ಈ ವಿದ್ಯೆ ಕೆಲವರ ಹವ್ಯಾಸವಾಗಿ ಉಳಿಯದೆ ಅಂಗಡಿಯ ಸರಕಾಯಿತು.

ಶಬ್ದದ ವೇಗ ಕಲ್ಲಿನ ಮೇಲೆ ಕೆತ್ತಿದ ಗೆರೆಯಲ್ಲ. ಗಾಳಿಯ ಬಿಸಿಯೊಂದಿಗೆ ಅದು ಏರುತ್ತದೆ, ಇಳಿಯುತ್ತದೆ. ರಾಯಚೂರಿನ ಬೇಸಿಗೆಯ 40 ಡಿಗ್ರಿಯಲ್ಲಿ ಅದು 355 ಮೀಟರ್, ಸೊನ್ನೆ ಡಿಗ್ರಿಯಲ್ಲಿ 331, ಮೈನಸ್ 20ರಲ್ಲಿ 319. ಈಗ ಸೆಕೆಂಡಿಗೆ 320 ಮೀಟರ್ ಓಡುವ ಗುಂಡೊಂದನ್ನು ಯೋಚಿಸಿ. ಟೆಕ್ಸಾಸಿನ ಬೆಚ್ಚನೆಯ ಸಂಜೆಯಲ್ಲಿ ಅದಕ್ಕೆ ಆ ‘ಛಟ್’ ಸದ್ದಿಲ್ಲ. ಅದೇ ವೇಗದಲ್ಲಿ ಫಿನ್ಲೆಂಡಿನ ಹಿಮದಲ್ಲಿ ಹೋದರೆ ಶಬ್ದದ ಗೆರೆಯನ್ನು ಕೂದಲೆಳೆಯಷ್ಟು ದಾಟಿಬಿಡುತ್ತದೆ. ಚಳಿಗೆ ಮದ್ದೂ ತುಸು ಮಂದವಾಗಿ ಉರಿಯುವುದರಿಂದ ಗುಂಡಿನ ವೇಗ ಕೊಂಚ ತಗ್ಗುತ್ತದೆ, ಅದು ಬೇರೆ ಮಾತು. ಗೆರೆಯ ಹತ್ತಿರ ಹತ್ತಿರ ಹೋದಷ್ಟೂ ಗಾಳಿಯ ಎಳೆತ ಧುತ್ತನೆ ಏರಿ ಗುಂಡು ತೊನೆದಾಡುವ ಭಯವೂ ಇದೆ. ಆದ್ದರಿಂದಲೇ 343ರ ಮಿತಿಯಿದ್ದರೂ ತಯಾರಕರು 308ರಿಂದ 320ರ ನಡುವೆ ನಿಲ್ಲುತ್ತಾರೆ.

ವೇಗ ಅಲ್ಲಿಗೆ ಮುಗಿಯಿತು. ಇನ್ನು ತೂಕ ಏರಿಸಬೇಕು. ಎಷ್ಟು ಏರಿಸಬಹುದು? 320 ಮೀಟರ್ ವೇಗದಲ್ಲೇ ಥರ್ಟಿ-ಆಟ್-ಸಿಕ್ಸ್‌ನ ಶಕ್ತಿ ಬೇಕೆಂದರೆ ಗುಂಡು 77 ಗ್ರಾಂ ತೂಗಬೇಕು. ಆರೂವರೆ ತೊಲಕ್ಕೂ ಹೆಚ್ಚು. 7.8 ಮಿಲಿಮೀಟರ್ ದಪ್ಪದ ಅದೇ ನಳಿಕೆಯಲ್ಲಿ ಅಷ್ಟು ಸೀಸ ತುಂಬಿದರೆ ಗುಂಡಿನ ಉದ್ದ 14 ಸೆಂಟಿಮೀಟರ್! ಭುಜಕ್ಕೆ ಬೀಳುವ ಗುದ್ದಿನ ಲೆಕ್ಕದಲ್ಲಿ ಗುಂಡಿನ ಪಾಲು ಎರಡೂವರೆ ಪಟ್ಟು ಏರುತ್ತದೆ. ಯಾರೂ ಅದನ್ನು ಮಾಡಲಾರರು. ಉದ್ದವಾದ ಗುಂಡಿಗೆ ಇನ್ನೊಂದು ಕಾಟವಿದೆ. ನಳಿಕೆಯ ಒಳಗೋಡೆಯ ಸುರುಳಿ ಗೀರುಗಳು ಗುಂಡನ್ನು ತಿರುಗಿಸದಿದ್ದರೆ ಅದು ಗಾಳಿಯಲ್ಲಿ ಪಲ್ಟಿ ಹೊಡೆಯುತ್ತದೆ, ಮತ್ತು ಉದ್ದ ಹೆಚ್ಚಿದಷ್ಟೂ ತಿರುಗುವಿಕೆ ಬಿಗಿಯಾಗಬೇಕು. ಇಂಗ್ಲೆಂಡಿನ ಗಣಿತಜ್ಞ ಆಲ್ಫ್ರೆಡ್ ಜಾರ್ಜ್ ಗ್ರೀನ್‌ಹಿಲ್ 1879ರಲ್ಲೇ ಇದಕ್ಕೊಂದು ಸೂತ್ರ ಕೊಟ್ಟ. ದಪ್ಪದ ವರ್ಗವನ್ನು ಉದ್ದದಿಂದ ಭಾಗಿಸಿ 150ರಿಂದ ಗುಣಿಸಿದರೆ, ಒಂದು ಸುತ್ತಿಗೆ ನಳಿಕೆಯಲ್ಲಿ ಎಷ್ಟು ಅಂಗುಲ ಬೇಕು ಎಂಬುದು ಬರುತ್ತದೆ. ಒಂದೂವರೆ ಅಂಗುಲ ಉದ್ದದ 220 ಗ್ರೇನ್ ಗುಂಡಿಗೆ ಉತ್ತರ ಒಂಬತ್ತೂವರೆ ಅಂಗುಲ. 300 ಬ್ಲ್ಯಾಕ್‌ಔಟ್ ಕೋವಿಗಳಲ್ಲಿ ಎಂಟು ಅಂಗುಲಕ್ಕೊಂದು ಸುತ್ತು ಇರುವುದು ಸಾಮಾನ್ಯ. ಅಂದರೆ ಗುಂಡು ನಳಿಕೆ ಬಿಡುವಾಗ ಸೆಕೆಂಡಿಗೆ ಸುಮಾರು 1,500 ಸುತ್ತು, ನಿಮಿಷಕ್ಕೆ 90 ಸಾವಿರ ಸುತ್ತು ತಿರುಗುತ್ತಿರುತ್ತದೆ.

ಈಚೆಗೆ ಬಂದ 8.6 ಬ್ಲ್ಯಾಕ್‌ಔಟ್ ಎಂಬ ತೋಟಾದಲ್ಲಿ ಈ ಅಂಕಿ ನಂಬಲಾಗದಷ್ಟು ಮೇಲೆ ಹೋಗಿದೆ. ಅದರ ನಳಿಕೆಯಲ್ಲಿ ಮೂರೇ ಅಂಗುಲಕ್ಕೆ ಒಂದು ಸುತ್ತು. 300 ಗ್ರೇನ್ ಗುಂಡು ಸೆಕೆಂಡಿಗೆ ಸಾವಿರ ಅಡಿ ವೇಗದಲ್ಲಿ ಹೊರಟರೆ ಸೆಕೆಂಡಿಗೆ 4,000 ಸುತ್ತು, ನಿಮಿಷಕ್ಕೆ 2 ಲಕ್ಷ 40 ಸಾವಿರ. ಗುಂಡಿನ ಹೊರಮೈ ಗಂಟೆಗೆ 390 ಕಿಲೋಮೀಟರ್ ವೇಗದಲ್ಲಿ ಗಿರಗಿರ ಸುತ್ತುತ್ತಿರುತ್ತದೆ. ಅಂಚಿನಲ್ಲಿರುವ ಲೋಹವನ್ನು ಹೊರಕ್ಕೆ ಸೆಳೆಯುವ ಬಲ ಭೂಮಿಯ ಸೆಳೆತದ 2 ಲಕ್ಷ 77 ಸಾವಿರ ಪಟ್ಟು. ಅಲ್ಲಿ ಒಂದು ಗ್ರಾಂ ತಾಮ್ರ 277 ಕಿಲೋ ಭಾರದಂತೆ ಜಗ್ಗುತ್ತದೆ. ಇಷ್ಟನ್ನೂ ತಡೆದುಕೊಂಡು ಗಾಳಿಯಲ್ಲಿ ಗುಂಡು ಇಡಿಯಾಗಿ ಉಳಿಯಬೇಕು, ಮಿಕದ ಮೈ ಹೊಕ್ಕ ಗಳಿಗೆಯಲ್ಲಿ ಅರಳಬೇಕು.

300 ಗ್ರೇನ್ ಎಂದಾಗ ಕನ್ನಡದ ಓದುಗರಿಗೆ ಒಬ್ಬ ಪರಿಚಿತ ನೆನಪಾಗಬೇಕು. ತೇಜಸ್ವಿಯವರು ‘ಕಾಡಿನ ಕತೆಗಳು’ ಮೂಲಕ ನಮ್ಮ ಮನೆಯವನನ್ನಾಗಿ ಮಾಡಿದ ಬೆಂಗಳೂರಿನ ಬೇಟೆಗಾರ ಕೆನೆತ್ ಆಂಡರ್ಸನ್. ಅವನ ನೆಚ್ಚಿನ ಕೋವಿ .405 ವಿಂಚೆಸ್ಟರ್. ಅದರ ಗುಂಡಿನ ತೂಕವೂ ಇದೇ 300 ಗ್ರೇನ್. ಆದರೆ ಅದು ಸೆಕೆಂಡಿಗೆ 670 ಮೀಟರ್ ಓಡುತ್ತಿತ್ತು, 4,370 ಜೂಲ್ ಶಕ್ತಿ ಹೊತ್ತಿರುತ್ತಿತ್ತು. ಅಷ್ಟೇ ತೂಕದ ಇಂದಿನ ನಿಧಾನದ ಗುಂಡಿನಲ್ಲಿ ಇರುವುದು ಸುಮಾರು 900 ಜೂಲ್. ನರಭಕ್ಷಕನ ಎದುರು ನಿಂತವನು ಇಷ್ಟು ಕಡಿಮೆ ಶಕ್ತಿಯನ್ನು ನೆಚ್ಚಿಕೊಳ್ಳುವಂತಿರಲಿಲ್ಲ.

ಈಗ ವಿನ್ಯಾಸಕಾರನ ನಿಜವಾದ ತಲೆನೋವಿಗೆ ಬರೋಣ. ಗುಂಡು ಅರಳುವುದು ಹೇಗೆ? ಮೈಯೊಳಗಿನ ಮಾಂಸ, ರಕ್ತ ಬಹುಮಟ್ಟಿಗೆ ನೀರಿನಷ್ಟೇ ಸಾಂದ್ರ. ನೀರಿಗೆ ಬಡಿದ ಗುಂಡಿನ ಮೂತಿಯ ಮೇಲೆ ಬೀಳುವ ಒತ್ತಡವೂ ವೇಗದ ವರ್ಗದಂತೆ ಏರುತ್ತದೆ. 823 ಮೀಟರ್ ವೇಗದಲ್ಲಿ ಅದು ಸುಮಾರು 3,340 ವಾಯುಭಾರ. ಭೂಮಿಯ ಅತಿ ಆಳದ ಮರಿಯಾನಾ ಕಂದಕದ ತಳದಲ್ಲಿ, ಹನ್ನೊಂದು ಕಿಲೋಮೀಟರ್ ನೀರಿನ ಅಡಿಯಲ್ಲಿ ಇರುವ ಒತ್ತಡದ ಮೂರು ಪಟ್ಟು ಅದು. ಅಷ್ಟು ಬಿದ್ದರೆ ಗಟ್ಟಿ ತಾಮ್ರವೂ ಮಣಿದು ಹರಿಯುತ್ತದೆ. 308 ಮೀಟರ್ ವೇಗದಲ್ಲಿ ಆ ಒತ್ತಡ 470 ವಾಯುಭಾರಕ್ಕೆ, ಏಳನೇ ಒಂದು ಪಾಲಿಗೆ ಕುಸಿಯುತ್ತದೆ. ಮೆತ್ತನೆಯ ಸೀಸಕ್ಕೆ ಅದು ಸಾಕು. ಸೀಸದ ಮೇಲೆ ಹೊದಿಸಿದ ತಾಮ್ರದ ಕವಚಕ್ಕೆ ಸಾಲದು. ಮಾಮೂಲಿ ಬೇಟೆಯ ಗುಂಡುಗಳಲ್ಲಿ ಬಹುಪಾಲು ಅರಳಲು ಸೆಕೆಂಡಿಗೆ 500 ಮೀಟರಿಗೂ ಮೇಲಿನ ವೇಗ ಬೇಕು. ಅವನ್ನೇ ನಿಧಾನವಾಗಿ ಹಾರಿಸಿದರೆ ಮುಚ್ಚಿದ ಮೂತಿಯಲ್ಲೇ ಆಚೆ ಬದಿಗೆ ತೂರಿ ಹೋಗುತ್ತವೆ. ಕಿರುಬೆರಳಿಗಿಂತ ಸಣ್ಣ ತೂತು ಹೊತ್ತ ಪ್ರಾಣಿ ಪೊದೆ ಸೇರಿ ಗಂಟೆಗಟ್ಟಲೆ ನರಳುತ್ತದೆ.

ಆದ್ದರಿಂದ ನಿಧಾನದ ಗುಂಡಿನ ಮೂತಿಯನ್ನು ಬೇರೆಯೇ ಬಗೆಯಲ್ಲಿ ಕಟ್ಟುತ್ತಾರೆ. ಅಂಥದೊಂದನ್ನು ಉದ್ದಕ್ಕೆ ಸೀಳಿದರೆ ಮೊದಲು ಕಾಣುವುದು ಮೂತಿಯಲ್ಲಿ ಕೊರೆದ ಅಗಲವಾದ, ಆಳವಾದ ಬಾವಿ. ಅದರ ಗೋಡೆಗಳು ತೆಳು. ಒಳಬದಿಯಲ್ಲಿ ಉದ್ದುದ್ದ ಸೀಳುಗುರುತುಗಳು, ಇಂಥಲ್ಲೇ ಒಡೆಯಬೇಕು ಎಂದು ಲೋಹಕ್ಕೆ ಮೊದಲೇ ಹೇಳಿಟ್ಟ ಹಾಗೆ. ತಾಮ್ರವನ್ನು ಕಾಯಿಸಿ ಮೆದು ಮಾಡಿರುತ್ತಾರೆ. ಕೆಲವದರ ಬಾಯಿಗೆ ಪಾಲಿಮರಿನ ಮೆತ್ತನೆಯ ತುದಿ ಕೂರಿಸಿರುತ್ತಾರೆ, ಬಡಿದಾಗ ಅದು ಬೆಣೆಯಂತೆ ಒಳಗೆ ಇಳಿಯುತ್ತದೆ. ಹಾರ್ನಡಿ ಕಂಪನಿಯ ಸಬ್-ಎಕ್ಸ್ ಗುಂಡು ಇಂಥದ್ದು, 190 ಗ್ರೇನ್ ತೂಕ, ಸೆಕೆಂಡಿಗೆ 320 ಮೀಟರ್ ವೇಗ. ಬಾವಿಗೆ ನುಗ್ಗಿದ ದ್ರವ ಗೋಡೆಯನ್ನು ಒಳಗಿನಿಂದ ಹೊರಕ್ಕೆ ತಳ್ಳುತ್ತದೆ, ಸೀಳುಗಳು ಬಿಚ್ಚಿಕೊಂಡು ನಾಲ್ಕೋ ಆರೋ ಎಸಳುಗಳು ಹಿಂದಕ್ಕೆ ಬಾಗುತ್ತವೆ. ಇದಿಷ್ಟೂ ಮೊದಲ ಐದು ಸೆಂಟಿಮೀಟರಿನೊಳಗೆ ಆಗಬೇಕು. 308 ಮೀಟರ್ ವೇಗದಲ್ಲಿ ಐದು ಸೆಂಟಿಮೀಟರ್ ದಾಟಲು ಹಿಡಿಯುವುದು ಒಂದು ಸೆಕೆಂಡಿನ ಆರು ಸಾವಿರದಲ್ಲಿ ಒಂದು ಪಾಲು. ತಡವಾದರೆ ಅಷ್ಟರಲ್ಲಿ ಜಿಂಕೆಯ ಎದೆಗೂಡು ಮುಗಿದೇ ಹೋಗಿರುತ್ತದೆ.

ಅರಳಿದ್ದರಿಂದ ಆಗುವ ಲಾಭವನ್ನೂ ಅಂಕಿಯೇ ಹೇಳುತ್ತದೆ. 7.8 ಮಿಲಿಮೀಟರ್ ಗುಂಡು 40 ಸೆಂಟಿಮೀಟರ್ ಆಳಕ್ಕೆ ಹೋದರೆ ಅದರ ದಾರಿಯ ಒಟ್ಟು ಗಾತ್ರ 19 ಘನ ಸೆಂಟಿಮೀಟರ್. ಅಗಲ ಎರಡು ಪಟ್ಟಾದರೆ ಅದು ನಾಲ್ಕು ಪಟ್ಟು, 76. ವೇಗದ ಗುಂಡಿಗೆ ಇನ್ನೊಂದು ಅನುಕೂಲವಿದೆ. ಅದು ಹಾದಾಗ ಸುತ್ತಲಿನ ಮಾಂಸ ಹಿಗ್ಗಲಾರದಷ್ಟು ಹಿಗ್ಗಿ ಹರಿಯುತ್ತದೆ. ನಿಧಾನದ ಗುಂಡಿಗೆ ಆ ಬಲವಿಲ್ಲ, ತಾನು ಮುಟ್ಟಿದ್ದನ್ನಷ್ಟೇ ಕತ್ತರಿಸುತ್ತದೆ. ಈ ವ್ಯತ್ಯಾಸವನ್ನು ಶಾಸ್ತ್ರೀಯವಾಗಿ ಅಳೆದು ತೋರಿಸಿದವರಲ್ಲಿ ಮುಖ್ಯನಾದವನು ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್. 1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪ್ರಯೋಗಾಲಯದಲ್ಲಿ ಅವನು ನೂರಕ್ಕೆ ಹತ್ತು ಪಾಲು ಜೆಲಟಿನ್ ಬೆರೆಸಿದ ಗಡ್ಡೆಯನ್ನು 4 ಡಿಗ್ರಿಗೆ ತಣಿಸಿ ಅದರೊಳಗೆ ಗುಂಡು ಹಾರಿಸುತ್ತಿದ್ದ. ಪಾರದರ್ಶಕ ಗಡ್ಡೆಯಲ್ಲಿ ಗುಂಡು ಎಲ್ಲಿ ಅರಳಿತು, ಎಲ್ಲಿ ನಿಂತಿತು ಎಂಬುದೆಲ್ಲ ಕಣ್ಣಿಗೆ ಕಾಣುತ್ತದೆ. ಇಂದಿಗೂ ವಿನ್ಯಾಸಕಾರರು ಹೊಸ ಗುಂಡನ್ನು ಮೊದಲು ಒರೆಗೆ ಹಚ್ಚುವುದು ಇಂಥ ಗಡ್ಡೆಯಲ್ಲೇ.

ವಿನ್ಯಾಸಕಾರನಿಗೆ ಇಲ್ಲಿ ಒಂದೇ ಒಂದು ಸಮಾಧಾನವಿದೆ. ವೇಗದ ಗುಂಡು 820 ಮೀಟರಿನಲ್ಲಿ ಬಡಿದರೂ ಚೂರಾಗಬಾರದು, ದೂರ ಹೋಗಿ 550ಕ್ಕೆ ಇಳಿದರೂ ಅರಳಬೇಕು. ನಿಧಾನದ ಗುಂಡು ಗಾಳಿಯಲ್ಲಿ ಕಳೆದುಕೊಳ್ಳುವ ವೇಗ ಬಹಳ ಕಡಿಮೆ. 200 ಮೀಟರ್ ಸಾಗಿದ ಮೇಲೂ 280ಕ್ಕಿಂತ ಕೆಳಗೆ ಇಳಿಯುವುದಿಲ್ಲ. ಆ ಕಿರಿದಾದ ಕಿಂಡಿಗೆ ಸರಿಯಾಗಿ ಮೂತಿಯನ್ನು ಹದ ಮಾಡಿದರೆ ಸಾಕು.

ತಯಾರಕರು ಸೀಸ ಬಿಟ್ಟು ಪೂರ್ತಿ ತಾಮ್ರದ ಗುಂಡಿಗೆ ಹೊರಳಿದ್ದರ ಹಿಂದೆ ಇನ್ನೊಂದು ಕಥೆಯಿದೆ. ವೇಗದ ಸೀಸದ ಗುಂಡು ಮೈಯೊಳಗೆ ನೂರಾರು ಚೂರಾಗುತ್ತದೆ. ಆ ಮಾಂಸ ತಿಂದ ರಣಹದ್ದುಗಳಿಗೆ ಸೀಸದ ವಿಷ ಏರುತ್ತದೆ. 1982ರಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಜಗತ್ತಿನಲ್ಲೆಲ್ಲ ಸೇರಿ 22 ಮಾತ್ರ ಉಳಿದಿದ್ದವು. ಆ ಹಕ್ಕಿಯನ್ನು ಕಾಡುವ ದೊಡ್ಡ ಕಂಟಕ ಈಗಲೂ ಸೀಸವೇ. 2019ರ ಜುಲೈನಿಂದ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ಕಾಡುಪ್ರಾಣಿಗಳ ಮೇಲೆ ಸೀಸದ ಗುಂಡು ಹಾರಿಸುವಂತಿಲ್ಲ. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅಷ್ಟೇ ತೂಕಕ್ಕೆ ಗುಂಡು ಕಾಲು ಪಾಲಿನಷ್ಟು ಉದ್ದವಾಗುತ್ತದೆ, ತಿರುಗುವಿಕೆಯನ್ನು ಇನ್ನಷ್ಟು ಬಿಗಿ ಮಾಡಬೇಕಾಗುತ್ತದೆ. ಆ ತೊಂದರೆಯನ್ನು ಸಂತೋಷದಿಂದ ಹೊರಬೇಕು.

ಅರಳುವ ಗುಂಡಿನ ಚರಿತ್ರೆಯಲ್ಲಿ ನಮ್ಮ ದೇಶದ್ದೂ ಒಂದು ಪುಟವಿದೆ. ಕಲ್ಕತ್ತೆಯ ಹೊರವಲಯದ ದಮ್‌ದಮ್ ಕಾರ್ಖಾನೆಯಲ್ಲಿ ಕ್ಯಾಪ್ಟನ್ ಬರ್ಟಿ-ಕ್ಲೇ 1890ರ ದಶಕದಲ್ಲಿ ಮೂತಿ ತೆರೆದ .303 ಗುಂಡು ತಯಾರಿಸಿದ, ವಾಯವ್ಯ ಗಡಿಯ ಪಠಾಣರ ಮೇಲೆ ಬಳಸಲು. ಜಗತ್ತು ಹೇಸಿತು. 1899ರ ಜುಲೈ 29ರಂದು ಹೇಗ್ ಘೋಷಣೆ ಯುದ್ಧದಲ್ಲಿ ಅರಳುವ ಗುಂಡನ್ನು ನಿಷೇಧಿಸಿತು. ಬೇಟೆಯ ಕಾನೂನು ಹೋಗುವುದು ಇದಕ್ಕೆ ತದ್ವಿರುದ್ಧ ದಿಕ್ಕಿಗೆ. ಇಂಗ್ಲೆಂಡ್ ಮತ್ತು ವೇಲ್ಸ್‌ನ 1991ರ ಜಿಂಕೆ ಕಾಯ್ದೆಯ ಪ್ರಕಾರ ರೈಫಲ್ಲಿನಲ್ಲಿ ಮೂತಿ ಮೆದುವಾದ ಅಥವಾ ಟೊಳ್ಳಾದ ಗುಂಡನ್ನೇ ಬಳಸಬೇಕು. ಸೈನಿಕ ಗಾಯಗೊಂಡು ಬದುಕಲಿ ಎಂಬುದು ಅಲ್ಲಿನ ಆಶಯ, ಪ್ರಾಣಿ ನರಳದೆ ಬೇಗ ಸಾಯಲಿ ಎಂಬುದು ಇಲ್ಲಿನದು. ಎರಡೂ ಕರುಣೆಯಿಂದಲೇ ಹುಟ್ಟಿದ ಕಾನೂನುಗಳು.

ನರಳಿಕೆಯ ವಿಷಯಕ್ಕೆ ಬಂದರೆ ನಿಧಾನದ ಗುಂಡಿನ ಅತಿ ಕಠಿಣ ಅಂಕಿಗಳು ಎದುರಾಗುತ್ತವೆ. ವೇಗದ ಗುಂಡು 100 ಮೀಟರ್ ಹೋಗುವಷ್ಟರಲ್ಲಿ ಭೂಮಿಯ ಸೆಳೆತಕ್ಕೆ ಬೀಳುವುದು 8 ಸೆಂಟಿಮೀಟರ್. ನಿಧಾನದ್ದು ಅರ್ಧ ಮೀಟರಿಗೂ ಹೆಚ್ಚು ಬೀಳುತ್ತದೆ. 150 ಮೀಟರಿನಲ್ಲಿ 1.2 ಮೀಟರ್, 200ರಲ್ಲಿ 2.2. ಜಿಂಕೆ 150 ಮೀಟರ್ ದೂರದಲ್ಲಿದೆ ಎಂದುಕೊಂಡು ಗುರಿಯಿಟ್ಟಿದ್ದೀರಿ, ಅದು ನಿಜಕ್ಕೂ 160ರಲ್ಲಿದೆ ಎನ್ನಿ. ಗುಂಡು ಸುಮಾರು 9 ಸೆಂಟಿಮೀಟರ್ ಕೆಳಗೆ ಬಡಿಯುತ್ತದೆ. ಜಿಂಕೆಯ ಹೃದಯ, ಶ್ವಾಸಕೋಶ ಇರುವ ಜಾಗದ ಅಗಲ ಇಪ್ಪತ್ತು, ಇಪ್ಪತ್ತೈದು ಸೆಂಟಿಮೀಟರ್, ನಡುವಿನಿಂದ ಅಂಚಿಗೆ ಹತ್ತು, ಹನ್ನೆರಡು. ದೂರದ ಅಂದಾಜಿನಲ್ಲಿ ಹತ್ತು ಮೀಟರ್ ತಪ್ಪಿದ್ದಕ್ಕೇ ಗುಂಡು ಆ ಜಾಗದ ಅಂಚಿಗೆ ಬಂದುಬಿಡುತ್ತದೆ, ಇನ್ನೂ ತಪ್ಪಿದರೆ ಪ್ರಾಣಿಯ ಕಾಲು ಮುರಿಯುತ್ತದೆ. ಅಷ್ಟು ದೂರಕ್ಕೆ ಗುಂಡು ತೆಗೆದುಕೊಳ್ಳುವ ಸಮಯ ಅರ್ಧ ಸೆಕೆಂಡ್. ಸುಮ್ಮನೆ ಒಂದು ಹೆಜ್ಜೆ ಮುಂದಿಟ್ಟ ಜಿಂಕೆ ಅಷ್ಟರಲ್ಲಿ ಅರ್ಧ ಮೀಟರ್ ಸರಿದಿರುತ್ತದೆ.

ಇನ್ನೊಂದನ್ನು ಬಹಳ ಜನ ಯೋಚಿಸಿರುವುದಿಲ್ಲ. ಶಬ್ದಕ್ಕಿಂತ ನಿಧಾನವಾದ ಗುಂಡಿನ ಮುಂದೆ ಶಬ್ದವೇ ಓಡುತ್ತದೆ. ವೇಗದ ಗುಂಡು 100 ಮೀಟರ್ ದೂರದ ಪ್ರಾಣಿಯನ್ನು ಮುಟ್ಟಿ 0.16 ಸೆಕೆಂಡಾದ ಮೇಲೆ ನಳಿಕೆಯ ಸದ್ದು ಅಲ್ಲಿಗೆ ತಲುಪುತ್ತದೆ. ನಿಧಾನದ ಗುಂಡಿನ ವಿಷಯದಲ್ಲಿ ಸೈಲೆನ್ಸರ್ ಅಡಗಿಸಿ ಉಳಿಸಿದಷ್ಟು ಸದ್ದು 40 ಮಿಲಿಸೆಕೆಂಡ್ ಮೊದಲೇ ಬಂದು ಪ್ರಾಣಿಯ ಕಿವಿ ಸೇರಿರುತ್ತದೆ. ದೂರ ಬೆಳೆದಷ್ಟೂ ಈ ಅಂತರವೂ ಬೆಳೆಯುತ್ತದೆ.

ಗುಂಡು ಸರಿಯಾದ ಜಾಗಕ್ಕೇ ಬಿತ್ತು, ಸರಿಯಾಗಿಯೇ ಅರಳಿತು ಎಂದಿಟ್ಟುಕೊಳ್ಳಿ. ಹೃದಯ ಛಿದ್ರವಾದರೂ ಮಿದುಳಿನಲ್ಲಿ ಉಳಿದ ಆಮ್ಲಜನಕ ಹತ್ತರಿಂದ ಹದಿನೈದು ಸೆಕೆಂಡಿಗೆ ಸಾಲುತ್ತದೆ. ಓಡುವ ಬಿಳಿಬಾಲದ ಜಿಂಕೆ ಸೆಕೆಂಡಿಗೆ 13 ಮೀಟರ್ ಸಾಗಬಲ್ಲದು. ಹತ್ತು ಸೆಕೆಂಡಿನಲ್ಲಿ 130 ಮೀಟರ್. ಗುಂಡು ಅರಳದೆ ಸಣ್ಣ ತೂತಷ್ಟೇ ಮಾಡಿದ್ದರೆ ರಕ್ತದ ಜಾಡೂ ಸಿಗುವುದಿಲ್ಲ, ಕತ್ತಲಲ್ಲಿ ಆ ಪ್ರಾಣಿಯೂ ಸಿಗುವುದಿಲ್ಲ. ಸೆಕೆಂಡಿನ ಆರು ಸಾವಿರದಲ್ಲಿ ಒಂದು ಪಾಲಿನಲ್ಲಿ ಎಸಳು ಬಿಚ್ಚಿತೋ ಇಲ್ಲವೋ ಎಂಬುದರ ಮೇಲೆ ಒಂದು ಜೀವದ ಕೊನೆಯ ಗಂಟೆಗಳು ನಿಂತಿವೆ. ಹಾಗಾಗಿ ಈ ವಿನ್ಯಾಸದ ಸೂಕ್ಷ್ಮವನ್ನು ನಾನು ಗೌರವಿಸುತ್ತೇನೆ. ಅದನ್ನು ನೆಚ್ಚಿಕೊಂಡು ದೂರದಿಂದ ಹೊಡೆಯುವವರನ್ನು ಒಪ್ಪಲಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೋಜಿನ ಬೇಟೆಗೆ ಜಾಗವೇ ಉಳಿದಿಲ್ಲ, ಉಳಿಯುವುದೂ ಬೇಡ. ಬೇಟೆ ಕಾನೂನುಬದ್ಧವಾಗಿರುವ ಕಡೆ ಕೆಲವು ಸರ್ಕಾರಗಳು ಅಂಕಿಯಲ್ಲೇ ಗೆರೆ ಎಳೆದಿವೆ. ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ದೊಡ್ಡ ಮಿಕಗಳಿಗೆ ಹಾರಿಸುವ ಗುಂಡು ನೂರು ಗಜ ದೂರದಲ್ಲಿ ಕನಿಷ್ಠ 1,356 ಜೂಲ್ ಉಳಿಸಿಕೊಂಡಿರಬೇಕು. ಇಂಗ್ಲೆಂಡಿನಲ್ಲಿ ದೊಡ್ಡ ಜಾತಿಯ ಜಿಂಕೆಗಳಿಗೆ ನಳಿಕೆಯ ಬಾಯಲ್ಲೇ 2,305 ಜೂಲ್ ಇರಬೇಕು. 676 ಜೂಲಿನ ಗುಂಡು ಎರಡು ಕಡೆಯೂ ಅನರ್ಹ. ಆ ಗೆರೆ ಸರಿಯಾಗಿಯೇ ಇದೆ. ಇಂಥ ಗೆರೆ ಇಲ್ಲದ ಕಡೆ ಈ ಗುಂಡನ್ನು ಹಾರಿಸುವವರು ಐವತ್ತು ಮೀಟರಿನೊಳಗೆ, ನಿಂತ ಪ್ರಾಣಿಗೆ ಮಾತ್ರ ಗುರಿಯಿಡಬೇಕು. ನೂರು ಮೀಟರಿನಾಚೆ ಕೋವಿ ಎತ್ತಲೇಬಾರದು.